ಅಂಟುವಾಳದ ನೀರಿನಲ್ಲಿ ತೊಳೆದ ಡಾಲರ್‌ಗಳು

ನಾನು ಶಾಲೆಗೆ ಹೋಗಿದ್ದು ಏಳನೇ ಕ್ಲಾಸಿನವರೆಗೆ. ಆಮೇಲೆ ಬೆಂಗಳೂರಿನ ನಗರ್ತಪೇಟೆಯಲ್ಲಿ ಒಂದು ಬೆಳ್ಳಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಪಾಲಿಷ್ ಕೆಲಸಕ್ಕೆ ಕೂತೆ. ಅಂಟುವಾಳದ ಕಾಯನ್ನು ಬಿಸಿ ನೀರಿನಲ್ಲಿ ಕಿವುಚಿ, ಆ ನೊರೆಯಲ್ಲಿ ಹಿತ್ತಾಳೆ ತಂತಿಯ ಬ್ರಷ್ಷು ಅದ್ದಿ, ದೀಪ, ತಟ್ಟೆ, ಕಾಲ್ಗೆಜ್ಜೆ, ಕುಂಕುಮದ ಬಟ್ಟಲು, ಬಂದದ್ದನ್ನೆಲ್ಲ ಉಜ್ಜುವುದು. ಕೊನೆಗೆ ಒಣ ವಿಭೂತಿಯಿಂದ ಬೆರಳಲ್ಲಿ ತಿಕ್ಕಿ ಹೊಳಪು ತರುವುದು. ಮೀಸೆ ಬರುವ ಮೊದಲು ಕೂತವನು ಮದುವೆಯಾಗುವವರೆಗೂ ಅಲ್ಲೇ ಇದ್ದೆ. ಒಂದು ಬೆಳ್ಳಿ ವಸ್ತುವನ್ನು ಕೈಗೆ ಕೊಟ್ಟರೆ ಅದರಲ್ಲಿ ಎಷ್ಟು ತಾಮ್ರ ಬೆರೆತಿದೆ ಎಂದು ಹೇಳಬಲ್ಲೆ. ಈಗಲೂ ಹೇಳಬಲ್ಲೆ. ಇಲ್ಲಿ ನಾನು ಒಪ್ಪಿಕೊಳ್ಳಲು ಹೊರಟಿರುವ ತಪ್ಪು ಆ ಜಂಬದಿಂದಲೇ ಆದದ್ದು. ಅದರ ಮೇಲೆ ತಂಗಿಗೆ ಹೇಳಿದ ಸುಳ್ಳು ಬೇರೆ.

ನನ್ನ ಹೆಂಡತಿ ನರ್ಸ್. ಅವಳ ಕೆಲಸದಿಂದಲೇ ನಾವು ಐರ್ಲೆಂಡಿನ ಅತ್ಲೋನ್‌ಗೆ ಬಂದದ್ದು. ನಾನು ಊರಿನ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಕೆಲಸಕ್ಕೆ ಸೇರಿದೆ. ಮದುವೆ ಪಾರ್ಟಿಗಳಿಗೆ ಅವರು ಹೊರತೆಗೆಯುತ್ತಿದ್ದ ಹಳೇ ಬೆಳ್ಳಿ ಚಮಚಗಳನ್ನು ಒಂದು ಸಲ ನನ್ನ ರೀತಿಯಲ್ಲಿ ತೊಳೆದು ಕೊಟ್ಟೆ. ಅಂದಿನಿಂದ ಆ ಪೆಟ್ಟಿಗೆಯ ಬೀಗದ ಕೈ ನನ್ನ ಹತ್ತಿರವೇ ಇರುತ್ತದೆ. ಮ್ಯಾನೇಜರ್ ಬಂದವರಿಗೆಲ್ಲ ನನ್ನನ್ನು ತೋರಿಸಿ ಹೊಗಳುತ್ತಿದ್ದಳು. ಹೊಗಳಿಕೆ ಕೇಳಿ ಕೇಳಿ ನನಗೆ ಅಭ್ಯಾಸವಾಗಿತ್ತು.

ನನ್ನ ತಂಗಿ ಚೆನ್ನಾಗಿ ಓದಿದವಳು. ರಸಾಯನಶಾಸ್ತ್ರದಲ್ಲಿ ಮಾಸ್ಟರ್ಸ್ ಮಾಡಲು ಡಬ್ಲಿನ್‌ಗೆ ಬಂದಳು, ಈಗ ಔಷಧಿ ಮಾಡುವ ಕಂಪನಿಯೊಂದರ ಲ್ಯಾಬಿನಲ್ಲಿದ್ದಾಳೆ. ಓದುವಾಗ ಡಬ್ಲಿನ್ ಪಕ್ಕದ ಡನ್ ಲಿಯರಿಯಲ್ಲಿ ಮುದುಕರೊಬ್ಬರ ಮನೆಯ ಮೇಲಿನ ಕೋಣೆಯನ್ನು ಬಾಡಿಗೆಗೆ ಹಿಡಿದಳು. ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ ಇದ್ದ ಮನುಷ್ಯ. ಅವರನ್ನು ನಾವಿಬ್ಬರೂ ನಮ್ಮೊಳಗೆ ತಾತ ಎನ್ನುತ್ತಿದ್ದೆವು. ಕೆಲಸ ಸಿಕ್ಕಿದ ಮೇಲೂ ತಂಗಿ ಆ ಕೋಣೆ ಬಿಡಲಿಲ್ಲ. ಕಾರಣ ತಾತನ ನಾಣ್ಯಗಳು.

ಅವರು ಅಮೆರಿಕದ ಹಳೇ ಬೆಳ್ಳಿ ನಾಣ್ಯ ಕೂಡಿಡುತ್ತಿದ್ದರು. ತಂಗಿಗೂ ಆ ಹುಚ್ಚು ಹತ್ತಿತು. ರಜೆ ಸಿಕ್ಕ ಒಂದು ಭಾನುವಾರ ನಾನು ಅಲ್ಲಿಗೆ ಹೋದಾಗ ಇಬ್ಬರೂ ಅಡುಗೆಮನೆಯ ಮೇಜಿನ ಮೇಲೆ ಟವೆಲ್ ಹಾಸಿಕೊಂಡು ಕೂತಿದ್ದರು. ತಂಗಿ ಒಂದು ಪುಟ್ಟ ನಾಣ್ಯವನ್ನು ಅಂಚಿನಲ್ಲಿ ಹಿಡಿದು ಎತ್ತಿ ತೋರಿಸಿದಳು. ಅದರ ಮೇಲೆ ಒಬ್ಬ ಹೆಣ್ಣಿನ ತಲೆ, ಟೋಪಿಗೆ ರೆಕ್ಕೆ.

"ಇದು ಡೈಮ್, ಅಣ್ಣ. ಹತ್ತು ಸೆಂಟು. ಇದು ಅರ್ಧ ಡಾಲರು. ನೋಡು, ಈ ಹೆಂಗಸು ಸೂರ್ಯನ ಕಡೆ ನಡೀತಾ ಇದಾಳೆ. ಮೊಣಕಾಲ ಹತ್ರ ಸೀರೆ ಸವೆದಿದೆಯಲ್ಲ..."

"ಅಮೆರಿಕದವಳು ಸೀರೆ ಯಾಕೆ ಉಡ್ತಾಳೆ?"

"ಅಯ್ಯೋ, ಗೌನು ಅಂದ್ಕೋ. ಅಲ್ಲಿ ಸವೆದಿರೋದು ಜನರ ಜೇಬಲ್ಲಿ. ಯಾರೋ ಇದನ್ನ ಕೊಟ್ಟು ಬ್ರೆಡ್ ತಗೊಂಡಿದಾರೆ, ಬಸ್ ಹತ್ತಿದಾರೆ. ಅದೇ ನಂಗೆ ಇಷ್ಟ."

ತಾತ ನನ್ನ ಅಂಗೈ ಮೇಲೆ ಒಂದು ದೊಡ್ಡ ಡಾಲರ್ ಇಟ್ಟು, ಏನನ್ನಿಸುತ್ತದೆ ಎಂದು ಕೇಳಿದರು. ತೂಗಿ ನೋಡಿದೆ, ಉಗುರಿನಿಂದ ಅಂಚು ಮುಟ್ಟಿದೆ. ಹತ್ತರಲ್ಲಿ ಒಂಬತ್ತು ಪಾಲು ಬೆಳ್ಳಿ, ಮಿಕ್ಕಿದ್ದು ತಾಮ್ರ ಎಂದೆ. ಅವರು ಮೇಜು ತಟ್ಟಿ ನಕ್ಕರು. ಸರಿಯಾಗಿ ಹೇಳಿದ್ದೆ. ಅರವತ್ತರ ದಶಕದ ನಡುವೆ ಆ ಸರ್ಕಾರ ಚಿಲ್ಲರೆ ನಾಣ್ಯಗಳಿಂದ ಬೆಳ್ಳಿ ತೆಗೆಯುವವರೆಗೂ ಅಳತೆ ಅದೇ ಆಗಿತ್ತಂತೆ.

ಅಂದು ಅವರು ಹೇಳಿದ ಇನ್ನೊಂದು ವಿಷಯ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಒಂದು ಕಾಲದಲ್ಲಿ ಅಮೆರಿಕದ ಗಣಿಗಳಿಂದ ಬೆಳ್ಳಿ ಸುರಿಯುತ್ತಿತ್ತು. ಸರ್ಕಾರವೇ ಅದನ್ನು ಕೊಂಡು ಡಾಲರ್ ಹೊಡೆಸಬೇಕು ಎಂದು ಕಾನೂನಾಯಿತು. ಅಷ್ಟು ಭಾರದ ನಾಣ್ಯವನ್ನು ಜೇಬಿನಲ್ಲಿ ಹೊತ್ತು ತಿರುಗುವುದು ಜನಕ್ಕೆ ಬೇಡವಾಗಿತ್ತು, ಹಾಗಾಗಿ ಚೀಲಗಟ್ಟಲೆ ಡಾಲರ್ ಖಜಾನೆಯಲ್ಲೇ ಬಿದ್ದಿದ್ದವು. ಮೊದಲನೇ ಮಹಾಯುದ್ಧದ ಹೊತ್ತಿಗೆ ನಮ್ಮ ದೇಶದ ಜನ ನೋಟು ಬೇಡ, ಬೆಳ್ಳಿ ರೂಪಾಯಿಯೇ ಕೊಡಿ ಎಂದು ಹಟ ಹಿಡಿದರು. ಬ್ರಿಟಿಷರ ಹತ್ತಿರ ಅಷ್ಟು ಬೆಳ್ಳಿ ಇರಲಿಲ್ಲ. ಆಗ ಅಮೆರಿಕ ಕೋಟಿಗಟ್ಟಲೆ ಡಾಲರ್‌ಗಳನ್ನು ಕರಗಿಸಿ ಆ ಬೆಳ್ಳಿಯನ್ನು ಅವರಿಗೆ ಮಾರಿತು. ಅದು ಇಂಡಿಯಾದಲ್ಲಿ ರೂಪಾಯಿಯಾಯಿತು.

ನಾನು ಟೀ ಕಪ್ ಕೆಳಗಿಟ್ಟೆ. ರಾಜನ ತಲೆಯ ಆ ರೂಪಾಯಿಗಳನ್ನು ನಮ್ಮ ಅಂಗಡಿಗೆ ಮಡಿಲಲ್ಲಿ ಕಟ್ಟಿಕೊಂಡು ತರುತ್ತಿದ್ದ ಹೆಂಗಸರನ್ನು ನಾನು ಕಂಡಿದ್ದೇನೆ. ಅವನ್ನು ಮೂಸೆಗೆ ಹಾಕಿ ಕರಗಿಸುವಾಗ ಪಕ್ಕದಲ್ಲಿ ನಿಂತಿದ್ದೇನೆ. ಅದರಿಂದ ಆದ ಕಾಲ್ಗೆಜ್ಜೆ ಉಜ್ಜಿದ್ದೇನೆ. ಡನ್ ಲಿಯರಿಯ ಒಂದು ಅಡುಗೆಮನೆಯಲ್ಲಿ ನನ್ನ ಅಂಗೈ ಮೇಲಿದ್ದ ಡಾಲರಿನ ಅಕ್ಕತಂಗಿಯರು ನನ್ನ ಕೈಯನ್ನು ಹಾದುಹೋಗಿದ್ದರು ಎಂದ ಮೇಲೆ ಬೆಳ್ಳಿಯ ಬಗ್ಗೆ ಈ ಇಬ್ಬರು ನನಗೇನು ಹೇಳಿಕೊಡುತ್ತಾರೆ ಎನ್ನಿಸಿತು.

ತಾತ ತಮ್ಮ ಮನೆಯ ಕತೆಯನ್ನೂ ಹೇಳಿದರು. ಅವರ ಅಜ್ಜಿಗೆ ಒಬ್ಬ ತಂಗಿ. ಹುಡುಗಿಯಾಗಿದ್ದಾಗಲೇ ಅತ್ಲೋನ್ ಹತ್ತಿರದ ಹಳ್ಳಿಯಿಂದ ಅಮೆರಿಕಕ್ಕೆ ಹೋಗಿ ಶ್ರೀಮಂತರ ಮನೆಯಲ್ಲಿ ಕೆಲಸಕ್ಕೆ ನಿಂತಳು. ಊರಿಗೆ ಬರುವವರ ಕೈಯಲ್ಲಿ ಆಗಾಗ ಅಕ್ಕನಿಗೆ ಒಂದೊಂದು ಬೆಳ್ಳಿ ಡಾಲರನ್ನು ಕಾಗದದಲ್ಲಿ ಸುತ್ತಿ ಕಳಿಸುತ್ತಿದ್ದಳು. ಅಜ್ಜಿ ಒಂದನ್ನೂ ಖರ್ಚು ಮಾಡಲಿಲ್ಲ. ಆಗ ಐರ್ಲೆಂಡಿನ ದುಡ್ಡಿನ ಮೇಲೆಲ್ಲ ಇಂಗ್ಲೆಂಡಿನ ರಾಜನ ತಲೆ. ಆ ತಂಗಿ ಕಳಿಸಿದ್ದರ ಮೇಲೆ ಮಾತ್ರ ಕಿರಣಗಳ ಕಿರೀಟ ಇಟ್ಟ ಒಬ್ಬ ಹೆಣ್ಣುಮಗಳು. ಅದು ತನ್ನ ತಂಗಿಯದೇ ಮುಖ ಎಂದು ಅಜ್ಜಿ ಹೇಳುತ್ತಿದ್ದಳಂತೆ. ಆ ನಾಣ್ಯಗಳು ಇನ್ನೂ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಅದೇ ಕಾಗದದಲ್ಲೇ ಇವೆ, ಅಜ್ಜಿ ಹೋದ ಮೇಲೆ ಯಾರೂ ಬಿಚ್ಚಿಲ್ಲ ಎಂದರು. ನನ್ನ ತಂಗಿ ಎಷ್ಟು ಕೇಳಿದರೂ ಅವುಗಳನ್ನು ಹೊರತೆಗೆಯಲಿಲ್ಲ.

ಎರಡು ವರ್ಷದ ಮೇಲೆ ತಾತನಿಗೆ ಮೆಟ್ಟಿಲು ಹತ್ತಲು ಕಷ್ಟವಾಯಿತು. ಮನೆ ಮಾರಿ ಅತ್ಲೋನ್‌ನಲ್ಲಿದ್ದ ಮಗಳ ಮನೆಗೆ ಹೋಗುವುದೆಂದು ನಿಶ್ಚಯಿಸಿದರು. ತಂಗಿ ಗೆಳತಿಯರ ಜೊತೆ ಡಬ್ಲಿನ್ ಅಂಚಿನ ಆಡಮ್ಸ್‌ಟೌನ್‌ನಲ್ಲಿ ಒಂದು ಮನೆ ಹಿಡಿದಳು. ಸಾಮಾನು ಸಾಗಿಸುವ ದಿನ ಅವಳಿಗೆ ಡ್ಯೂಟಿ ಇತ್ತು. ನಾನು ಹೋಟೆಲಿನ ವ್ಯಾನು ಕೇಳಿಕೊಂಡು ಹೋದೆ. ಅವಳ ಪೆಟ್ಟಿಗೆಗಳನ್ನು ತುಂಬಿ, ತಾತನ ಒರಗು ಕುರ್ಚಿಯನ್ನೂ ಹತ್ತಿಸಿಕೊಂಡ ಮೇಲೆ ಅವರು ಆ ಡಬ್ಬಿ ತಂದು ನನ್ನ ಕೈಗಿಟ್ಟರು.

"ಇದು ಅವಳಿಗೆ. ನೀನೇ ಅವಳ ಕೈಗೆ ಕೊಡು," ಎಂದರು. "ಎದುರಿಗೆ ಕೊಟ್ಟರೆ ನಾನು ಏನಾದರೂ ಮಾತಾಡಬೇಕಾಗುತ್ತದೆ."

ನಾನು ತಲೆಯಾಡಿಸಿದೆ.

"ತೊಳೆಯಬಾರದು ಎಂದು ಹೇಳು. ಅವಳಿಗೆ ಗೊತ್ತು. ಆದರೂ ಹೇಳು."

ನನ್ನ ಇಂಗ್ಲಿಷ್ ಹರಕುಮುರುಕು ನಿಜ. ಆದರೆ ಆ ಮಾತು ನನಗೆ ಅರ್ಥವಾಗಲಿಲ್ಲ ಎಂದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಸ್ಪಷ್ಟವಾಗಿ ಕೇಳಿಸಿತು, ಸ್ಪಷ್ಟವಾಗಿ ತಿಳಿಯಿತು.

ತಂಗಿ ಮುಂದಿನ ಶನಿವಾರ ಊಟಕ್ಕೆ ಬರುವವಳಿದ್ದಳು. ಅಷ್ಟು ದಿನ ಡಬ್ಬಿ ನಮ್ಮ ಮನೆಯಲ್ಲಿತ್ತು. ಒಂದು ಮಧ್ಯಾಹ್ನ ಕುತೂಹಲಕ್ಕೆ ತೆರೆದೆ. ಒಂಬತ್ತು ಪೊಟ್ಟಣ. ಕಾಗದ ಮುಟ್ಟಿದರೆ ಹರಿಯುವಷ್ಟು ಹಳತು. ಬಿಚ್ಚಿದರೆ ಒಳಗೆ ಆ ಕಿರಣದ ಕಿರೀಟದ ಮುಖ, ಬೂದಿ ಬಣ್ಣ, ಅಂಚಿನ ಸುತ್ತ ಕಂದು, ಅದರೊಳಗೆ ಒಂದು ಸುತ್ತು ನೀಲಿ, ನಡುವೆ ಅರಿಸಿನದಂಥ ಹಳದಿ. ಪ್ರತಿಯೊಂದರ ಮೇಲೂ ಕಾಗದದ ಮಡಿಕೆ ಎಲ್ಲಿ ತಾಗಿತ್ತೋ ಅಲ್ಲಿ ಒಂದು ಗೆರೆ. ಬೇರೆ ಯಾರಾದರೂ ನೋಡಿದ್ದರೆ ಆಹಾ ಎನ್ನುತ್ತಿದ್ದರೋ ಏನೋ. ನಾನು ಕಲಿತದ್ದು ಒಂದೇ. ಬೆಳ್ಳಿಯ ಮೇಲೆ ಬಣ್ಣ ಕಂಡರೆ ಅದು ಕೊಳೆ. ಕಪ್ಪಾದ ಬೆಳ್ಳಿಯನ್ನು ಹೆಣ್ಣುಮಕ್ಕಳ ಕೈಗೆ ಕೊಡಬಾರದು ಎಂದು ನಮ್ಮ ಮಾಲೀಕರು ಗಲ್ಲಾಪೆಟ್ಟಿಗೆಯ ಹಿಂದಿನಿಂದಲೇ ಕೂಗುತ್ತಿದ್ದರು. ನನ್ನ ತಂಗಿಯ ಕೈಗೆ ಇದನ್ನು ಹೀಗೇ ಕೊಡುವುದೇ?

ಇಂಡಿಯನ್ ಅಂಗಡಿಯಲ್ಲಿ ತಲೆಗೆ ಹಾಕಿಕೊಳ್ಳಲು ಅಂಟುವಾಳದ ಪುಡಿ ಸಿಗುತ್ತದೆ. ಅದನ್ನೇ ತಂದೆ. ಸಿಂಕಿನಲ್ಲಿ ನೊರೆ ಎಬ್ಬಿಸಿದೆ. ಬ್ರಷ್ಷು ಊರಿನಿಂದ ತಂದದ್ದೇ ಇತ್ತು. ಹಲವು ವರ್ಷದ ಮೇಲೆ ನನ್ನ ನಿಜವಾದ ಕೆಲಸ ಕೈಗೆ ಬಂದಿತ್ತು. ಆ ಗಂಟೆ ನಾನು ಬಹಳ ಸುಖವಾಗಿದ್ದೆ, ಅದನ್ನೂ ಮುಚ್ಚಿಡುವುದಿಲ್ಲ. ಕೊನೆಗೆ ವಿಭೂತಿಯಲ್ಲಿ ತಿಕ್ಕಿದೆ. ಒಂಬತ್ತು ನಾಣ್ಯಗಳೂ ಹಬ್ಬದ ದೀಪದ ಹಾಗೆ ಬೆಳಗಿದವು. ಹಳೇ ಕಾಗದಗಳನ್ನು ಕಾಗದದ ಕಸ ಹಾಕುವ ಹಸಿರು ಡಬ್ಬಕ್ಕೆ ಹಾಕಿದೆ. ಅದನ್ನು ಮರುದಿನವೇ ಕಸದ ಲಾರಿ ಒಯ್ದಿತು. ನಾಣ್ಯಗಳನ್ನು ಹೆಂಡತಿಯ ಬಳೆಯ ಮಖಮಲ್ ಚೀಲದಲ್ಲಿಟ್ಟು ಡಬ್ಬಿಗೆ ಸೇರಿಸಿದೆ.

ಶನಿವಾರ ತಂಗಿ ಬಂದಳು. ತಾತ ಕೊಟ್ಟದ್ದು ಎಂದೊಡನೆ ಚಪ್ಪಲಿಯನ್ನೂ ಬಿಡದೆ ನೆಲದ ಮೇಲೆ ಕೂತು ಡಬ್ಬಿ ತೆರೆದಳು. ಮಾಡಿದವನು ನಾನೇ ಎಂದು ಹೇಳಲು ಬಾಯಿ ತೆರೆದು ನಿಂತಿದ್ದೆ. ಅವಳ ಮುಖ ಇಳಿದುಹೋಯಿತು.

"ಯಾರೋ ಹಾಳು ಮಾಡಿಬಿಟ್ಟಿದಾರೆ," ಎಂದಳು.

ನನ್ನ ಬಾಯಿ ಮುಚ್ಚಿತು.

ಅವಳು ಒಂದನ್ನು ಎತ್ತಿ ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಳು. "ನೋಡು, ಎಲ್ಲಾ ಕಡೆ ಗೀರು. ಕೂದಲೆಳೆ ಹಂಗೆ. ಎಷ್ಟು ಜೋರಾಗಿ ಉಜ್ಜಿದಾರೆ! ಕಾಗದ ಎಲ್ಲಿ? ಕಾಗದದಲ್ಲೇ ಇದೆ ಅಂದಿದ್ರಲ್ಲ ತಾತ?" ಆಮೇಲೆ ನಿಧಾನವಾಗಿ ತಲೆ ಎತ್ತಿ ನನ್ನನ್ನೇ ನೋಡಿದಳು. "ಅಣ್ಣ, ನೀನೇನಾದ್ರೂ...?"

"ನಾನ್ಯಾಕೆ ಮುಟ್ಟಲಿ?"

"ನಿನ್ನ ಕೈಗೆ ಕೊಟ್ಟಾಗ ಹಿಂಗೇ ಇತ್ತಾ?"

"ಹೂಂ. ಹಿಂಗೇ ಇತ್ತು."

"ಅಮ್ಮನಾಣೆ?"

ನಮ್ಮ ಮನೆಯಲ್ಲಿ ಸುಳ್ಳಿಗೆ ದೇವರ ಆಣೆ ಇಟ್ಟವರಿದ್ದಾರೆ. ಅಮ್ಮನ ಆಣೆ ಇಟ್ಟವರಿಲ್ಲ. ಚಿಕ್ಕಂದಿನಿಂದ ನಮ್ಮಿಬ್ಬರ ನಡುವೆ ಆ ಮಾತು ಬಂದರೆ ಜಗಳ ಅಲ್ಲಿಗೆ ಮುಗಿಯುತ್ತಿತ್ತು.

"ಅಮ್ಮನಾಣೆ," ಎಂದೆ.

ಅವಳು ನಂಬಿದಳು. ನಂಬಿದ್ದರಿಂದ ಅವಳಿಗೆ ಉಳಿದ ದಾರಿ ಒಂದೇ. ತಾತ ಕತೆ ಕಟ್ಟಿದ್ದರು. ಯಾರೂ ಮುಟ್ಟಿಲ್ಲ ಎಂದದ್ದು ಸುಳ್ಳು, ಕಾಗದ ಸುಳ್ಳು, ಅಜ್ಜಿಯ ತಂಗಿಯೂ ಸುಳ್ಳಿರಬಹುದು. "ಏನೂ ಗೊತ್ತಿಲ್ದೋಳು ಅಂದ್ಕೊಂಡು ಪಳಪಳ ಅನ್ನಿಸಿ ಕಳಿಸಿದಾರೆ," ಎಂದಳು. ಊಟ ಸೇರಲಿಲ್ಲ. ಹೋಗುವಾಗ ಡಬ್ಬಿಯನ್ನು ನಮ್ಮ ಮನೆಯಲ್ಲೇ ಬಿಟ್ಟು ಹೋದಳು.

ಮರುದಿನ ಬೆಳಿಗ್ಗೆ ಎದ್ದವನೇ ಅಮ್ಮನಿಗೆ ಫೋನ್ ಮಾಡಿದೆ.

"ಏನೋ ಈ ಹೊತ್ನಲ್ಲಿ? ಕೆಲಸ ಕಿತ್ಕೊಂಡ್ರಾ?" ಎಂದಳು ಅಮ್ಮ.

"ಇಲ್ಲಮ್ಮ. ಹುಷಾರಾಗಿದೀಯಾ?"

"ನಂಗೇನಾಗಿದೆ? ಅವರೇಕಾಯಿ ಬಿಡಿಸ್ತಾ ಇದೀನಿ. ಯಾಕೋ ನಿನ್ನ ದನಿ ಹಿಂಗಿದೆ?"

ಆ ವಾರವೆಲ್ಲ ಏನಾದರೊಂದು ನೆಪದಿಂದ ದಿನವೂ ಫೋನ್ ಮಾಡಿದೆ. ಕೊನೆಗೆ ಅಮ್ಮನೇ ನನ್ನ ಹೆಂಡತಿಗೆ ಫೋನ್ ಮಾಡಿ, ಇವನಿಗೆ ಏನಾಗಿದೆ, ಜ್ವರವೇ ಎಂದು ವಿಚಾರಿಸಿದಳು. ಹೆಂಡತಿಗೆ ಎಲ್ಲ ಗೊತ್ತಿತ್ತು. ಸಿಂಕಿನ ನೊರೆ ಅವಳು ಕಂಡಿದ್ದಳು. "ರೀ, ಹೇಳ್ಬಿಡಿ ಅವಳಿಗೆ. ನಾಣ್ಯ ಹೋಯ್ತು ಬಿಡಿ. ಆ ಮುದುಕರೇನು ಮಾಡಿದ್ರು ಪಾಪ?" ಎಂದಳು. ಹೇಳುತ್ತೇನೆ ಎಂದೆ. ಹೇಳಲಿಲ್ಲ.

ತಂಗಿ ತಾತನಿಗೆ ಫೋನ್ ಮಾಡುವುದನ್ನು ನಿಲ್ಲಿಸಿದಳು. ಅವರು ಮಾಡಿದರೆ ಕೆಲಸದಲ್ಲಿದ್ದೇನೆ ಎನ್ನುತ್ತಿದ್ದಳು. ತನ್ನ ಅರ್ಧ ಡಾಲರ್‌ಗಳ ಆಲ್ಬಮ್ಮನ್ನೂ ಮುಚ್ಚಿ ಪೆಟ್ಟಿಗೆಗೆ ಹಾಕಿದಳಂತೆ. ಅದು ಅವಳ ಬಾಯಿಂದ ತಿಳಿದ ದಿನವೂ ನಾನು ಸುಮ್ಮನಿದ್ದೆ.

ಚಳಿಗಾಲ ಕಳೆದು ಹೊರಗೆ ಬಿಸಿಲು ಬಿದ್ದ ಒಂದು ಮಧ್ಯಾಹ್ನ ಹೋಟೆಲಿನಿಂದ ಮನೆಗೆ ಹೋಗುತ್ತಿದ್ದೆ. ಶಾನನ್ ನದಿಯ ಪಕ್ಕದ ಬೆಂಚಿನ ಮೇಲೆ ತಾತ ಕೂತಿದ್ದರು, ಕೋಲು ಮಂಡಿಯ ನಡುವೆ. ದಾಟಿ ಹೋಗಬಹುದಿತ್ತು. ಅವರೇ ಕೈ ಎತ್ತಿದರು.

"ಅವಳು ಹೇಗಿದ್ದಾಳೆ?"

"ಗ್ರ್ಯಾಂಡ್," ಎಂದೆ. ಈ ದೇಶದಲ್ಲಿ ಎಲ್ಲದಕ್ಕೂ ಒದಗುವ ಮಾತು.

"ನಾಣ್ಯ ಇಷ್ಟವಾಯಿತೇ? ಏನೂ ಹೇಳಲಿಲ್ಲ. ಅಷ್ಟು ಹಳೇ ಸಾಮಾನು ಕೊಟ್ಟು ಅವಳಿಗೆ ಭಾರ ಮಾಡಿದಿರೇನೋ ಎಂದು ನನ್ನ ಮಗಳು ಹೇಳುತ್ತಾಳೆ."

ಅವರ ದನಿಯಲ್ಲಿ ದೂರು ಇರಲಿಲ್ಲ. ತಾನೇ ಏನೋ ತಪ್ಪು ಮಾಡಿದೆನೆಂದು ಅವರು ಹುಡುಕಿಕೊಳ್ಳುತ್ತಿದ್ದರು. ಅದನ್ನು ಮಾತ್ರ ನನಗೆ ತಡೆಯಲು ಆಗಲಿಲ್ಲ. ಬೆಂಚಿನ ಮೇಲೆ ಪಕ್ಕದಲ್ಲಿ ಕೂತು ನನಗೆ ಗೊತ್ತಿದ್ದ ಇಂಗ್ಲಿಷಿನಲ್ಲಿ ಎಲ್ಲ ಹೇಳಿದೆ. ಅಂಟುವಾಳಕ್ಕೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೋ ಗೊತ್ತಿರಲಿಲ್ಲ, ಕೈಯಲ್ಲಿ ಉಜ್ಜಿ ತೋರಿಸಿದೆ. ಕಾಗದ ಎಸೆದದ್ದು ಹೇಳಿದೆ. ನಮ್ಮ ತಾಯಿಯ ಹೆಸರಿನಲ್ಲಿ ಆಣೆ ಮಾಡಿದ್ದೂ ಹೇಳಿದೆ.

ಕಾಗದದ ಮಾತು ಬಂದಾಗ ಅವರು ಕಣ್ಣು ಮುಚ್ಚಿದರು.

"ಅವಳಿಗೆ ಹೇಳಿದೆಯಾ?"

"ಇಲ್ಲ."

"ಮತ್ತೆ ನನಗೇಕೆ ಮೊದಲು ಹೇಳಿದೆ?"

ಉತ್ತರ ಇತ್ತು, ಹೇಳಲು ನಾಚಿಕೆಯಾಯಿತು. ಇವರ ಮುಂದೆ ಹೇಳುವುದು ಸುಲಭ. ನಾಳೆ ಇವರು ನನ್ನ ಮುಖ ನೋಡದಿದ್ದರೂ ನಾನು ಬದುಕಬಲ್ಲೆ.

ಆ ಭಾನುವಾರದ ರೈಲಿಗೆ ಬಾ ಎಂದು ತಂಗಿಯನ್ನು ಕರೆದೆ. ಸ್ಟೇಷನ್ನಿನಿಂದ ಮನೆಯವರೆಗೂ ಹೋಗುವ ತಾಳ್ಮೆ ನನಗಿರಲಿಲ್ಲ, ಧೈರ್ಯ ಅಷ್ಟರಲ್ಲಿ ಸೋರಿಹೋದರೆ ಎಂಬ ಹೆದರಿಕೆ. ಪ್ಲಾಟ್‌ಫಾರ್ಮಿನಲ್ಲೇ ನಿಲ್ಲಿಸಿ ಹೇಳಿದೆ.

"ನಾಣ್ಯ ತೊಳೆದದ್ದು ನಾನು. ತಾತ ಬೇಡ ಅಂದಿದ್ರು. ಕೇಳಿಸ್ಕೊಂಡೇ ತೊಳೆದೆ. ಕಾಗದನೂ ನಾನೇ ಎಸೆದಿದ್ದು."

ಅವಳು ಕೂಗಾಡುತ್ತಾಳೆ ಎಂದುಕೊಂಡಿದ್ದೆ. ಬ್ಯಾಗಿನ ಪಟ್ಟಿಯನ್ನು ಹೆಗಲ ಮೇಲೆ ಸರಿಮಾಡಿಕೊಂಡಳು.

"ಅಮ್ಮನ ಮೇಲೆ ಆಣೆ ಇಟ್ಯಲ್ಲೋ."

"ಹೂಂ."

"ಅದಕ್ಕೇನಾ ದಿನಾ ಅಮ್ಮಂಗೆ ಫೋನ್ ಮಾಡ್ತಿದ್ದಿದ್ದು?"

ಅವಳಿಗೆ ನಗು ಬಂದು, ಅದು ಅರ್ಧಕ್ಕೇ ಅಳುವಾಯಿತು. "ಅದು ಕೊಳೆ ಅಲ್ಲ ಕಣೋ. ಬೆಳ್ಳಿನೇ ಅದು. ಗಾಳೀಲಿ, ಕಾಗದದಲ್ಲಿ ಇರೋ ಗಂಧಕದ ಜೊತೆ ಸೇರಿ ಆ ಬಣ್ಣ ಆಗಿರತ್ತೆ. ಅದನ್ನ ಉಜ್ಜಿದ್ರೆ ಹೋಗೋದು ಬೆಳ್ಳಿ. ಆ ಮುಖನೇ ಹೋಗತ್ತೆ, ಸ್ವಲ್ಪ ಸ್ವಲ್ಪ." ಕಣ್ಣೊರೆಸಿಕೊಂಡಳು. "ನೀನು ಆವತ್ತೇ ಒಂದು ಮಾತು ಹೇಳಿದ್ರೆ ನಿನ್ನ ಮೇಲೆ ಒಂದು ವಾರ ಸಿಟ್ಟು ಮಾಡ್ಕೊಂಡಿರ್ತಿದ್ದೆ, ಅಷ್ಟೇ. ತಾತನ್ನ ಆರು ತಿಂಗಳು ಸುಳ್ಳುಗಾರ ಅಂದ್ಕೊಂಡ್ನಲ್ಲ, ಅದನ್ನ ಏನು ಮಾಡ್ಲಿ?"

ಮನೆಗೆ ಬಂದು ಡಬ್ಬಿ ಎತ್ತಿಕೊಂಡಳು. ತಾತನ ಮಗಳ ಮನೆಗೆ ನಾನೂ ಜೊತೆಗೆ ಹೋದೆ, ಬಾ ಎಂದು ಅವಳು ಕರೆಯದಿದ್ದರೂ. ಅವಳು ಒರಗು ಕುರ್ಚಿಯ ಪಕ್ಕದಲ್ಲಿ ಮಂಡಿಯೂರಿ ಕೂತು, ತಾನು ಏನು ಅಂದುಕೊಂಡಿದ್ದೆ ಎಂಬುದನ್ನು ಮುಚ್ಚಿಡದೆ ಹೇಳಿದಳು. ತಾತ ಅವಳ ತಲೆಯ ಮೇಲೆ ಕೈಯಿಟ್ಟು, ಟೀ ಕುಡಿಯುತ್ತೀಯಾ ಎಂದರು. ಈ ಜನರ ಮಾಫಿ ಹೀಗೇ. ಆಮೇಲೆ ಒಂದು ಡಾಲರನ್ನು ಎತ್ತಿ ಬೆಳಕಿಗೆ ಹಿಡಿದರು. ಎಷ್ಟು ಹೊತ್ತು ನೋಡಿದರೂ ಅವರ ಕಣ್ಣು ಅದರಲ್ಲಿ ಏನನ್ನೋ ಹುಡುಕುತ್ತಲೇ ಇತ್ತು. ಸಿಗಲಿಲ್ಲ. ವಾಪಸ್ ಇಟ್ಟರು. ಪರವಾಗಿಲ್ಲ ಎಂದು ನನಗೆ ಅವರು ಹೇಳಲಿಲ್ಲ. ಹೇಳದೆ ಇದ್ದದ್ದಕ್ಕೆ ನಾನು ಅವರನ್ನು ಗೌರವಿಸುತ್ತೇನೆ.

ಈಗ ಆ ಒಂಬತ್ತು ನಾಣ್ಯಗಳು ಅವರ ಕೋಣೆಯ ಕಿಟಕಿಯ ಪಕ್ಕದ ಕಪಾಟಿನಲ್ಲಿ, ಒಂದು ಮರದ ತಟ್ಟೆಯಲ್ಲಿ ಬಿಡಿಬಿಡಿಯಾಗಿವೆ. ಹಾಗಿಡಬೇಕೆಂಬುದು ತಂಗಿಯ ತೀರ್ಮಾನ. ತಿಂಗಳಿಗೊಮ್ಮೆ ಅವಳು ರೈಲು ಹತ್ತಿ ಬರುತ್ತಾಳೆ, ತನ್ನ ಆಲ್ಬಮ್ಮನ್ನೂ ತರುತ್ತಾಳೆ. ಇಬ್ಬರೂ ಟವೆಲ್ ಹಾಸಿಕೊಂಡು ಕೂರುತ್ತಾರೆ. ನಾನು ನಿಂತು ನೋಡುತ್ತೇನೆ.

ಗೀರುಗಳು ಹೋಗುವುದಿಲ್ಲ. ಅದು ನನಗೆ ಯಾರಿಗಿಂತಲೂ ಚೆನ್ನಾಗಿ ಗೊತ್ತು. ಆದರೆ ಗಾಳಿ ಬೆಳ್ಳಿಯನ್ನು ಬಿಡುವುದಿಲ್ಲ. ಮೊದಲು ಮಂಕಾಗುತ್ತದೆ, ಆಮೇಲೆ ಅಂಚಿನಿಂದ ಹಳದಿ ಏರುತ್ತದೆ, ಕಂದು ಬರುವುದಕ್ಕೆ ವರ್ಷಗಳು ಬೇಕು. ಬದುಕಿನಲ್ಲಿ ಅಷ್ಟು ಕಾಲ ನಾನು ಓಡಿಸಿದ ಕಪ್ಪು ಇನ್ನೂ ಯಾಕೆ ಬರಲಿಲ್ಲ ಎಂದು ಈಗ ಪ್ರತಿ ಸಲವೂ ಕಾಯುತ್ತೇನೆ. ಹೋದ ತಿಂಗಳು ಒಂದು ನಾಣ್ಯದಲ್ಲಿ ಕಿರೀಟದ ಹತ್ತಿರ ಸಣ್ಣ ಹಳದಿ ಕಂಡಂತಾಯಿತು. ತಂಗಿಗೆ ತೋರಿಸಲು ಬಗ್ಗಿದೆ.

"ಅಣ್ಣ, ಕೈ ಹಿಂದೆ ಕಟ್ಕೊಂಡು ನೋಡು," ಎಂದಳು.

ಕೈ ಹಿಂದೆ ಕಟ್ಟಿಕೊಂಡೇ ತೋರಿಸಿದೆ, ಗದ್ದದಿಂದ. "ಅಲ್ಲಿ. ಕಿರೀಟದ ಎಡಕ್ಕೆ."

ಅವಳು ಭೂತಗನ್ನಡಿ ಹಿಡಿದು ನೋಡಿದಳು, ತಾತನಿಗೆ ಕೊಟ್ಟಳು. ಅವರು ನೋಡಿ ನನ್ನ ಕಡೆ ತಿರುಗಿ ಹೌದೆಂದು ತಲೆಯಾಡಿಸಿದರು.